ಎರೆಹುಳು ತುಂಡಾದರೆ ಎರಡು ಹುಳು ಆಗುತ್ತದೆಯೇ?

ಪ್ರಶ್ನೆ: ಕೈತೋಟ ಅಗೆಯುವಾಗ ಗುದ್ದಲಿ ತಾಗಿ ಎರೆಹುಳು ಎರಡು ತುಂಡಾಯಿತು. ಎರಡೂ ತುಂಡು ಒದ್ದಾಡುತ್ತಿದ್ದವು. ‘ಏನೂ ಆಗಲ್ಲ ಬಿಡಿ, ಈಗ ಎರಡು ಹುಳು ಆಗ್ತವೆ’ ಎಂದರು ಪಕ್ಕದ ಮನೆಯವರು. ನಿಜವೇ?

ಉತ್ತರ: ಇಲ್ಲ. ಉಳಿದರೆ ಒಂದು ಉಳಿಯುತ್ತದೆ, ಅದೂ ಏಟು ಎಲ್ಲಿ ಬಿತ್ತು ಎನ್ನುವುದರ ಮೇಲೆ. ಬಾಯಿರುವ ತುಂಡು ಗಾಯ ಮಾಯಿಸಿಕೊಂಡು ಹೊಸ ಬಾಲ ಬೆಳೆಸಿಕೊಳ್ಳಬಹುದು. ಬಾಲದ ತುಂಡು ಸಾಮಾನ್ಯವಾಗಿ ಸಾಯುತ್ತದೆ. ಹಾಗಂತ ಪಕ್ಕದ ಮನೆಯವರ ಮಾತು ಪೂರಾ ಗಾಳಿಮಾತೂ ಅಲ್ಲ. ಅವರು ಹೇಳಿದ್ದು ಬೇರೆ ಹುಳುವಿಗೆ ಸರಿಹೊಂದುತ್ತದೆ, ಅಷ್ಟೇ.

ಒಂದು ಎರೆಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ. ಮೈತುಂಬ ಸಣ್ಣ ಬಳೆ ಜೋಡಿಸಿದ ಹಾಗೆ ಉಂಗುರಗಳು. ಬೆಳೆದ ಹುಳುವಾದರೆ ಒಂದು ತುದಿಗೆ ಹತ್ತಿರದಲ್ಲಿ, ಬ್ಯಾಂಡೇಜ್ ಸುತ್ತಿದಂತೆ ಬೇರೆ ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಆ ತುದಿಯೇ ತಲೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಫೆರೆಟಿಮಾ ಎಂಬ ಎರೆಹುಳು ನೆನಪಿರಬೇಕು: ಮೈಯಲ್ಲಿ ನೂರರಿಂದ ನೂರಿಪ್ಪತ್ತು ಉಂಗುರ, ಪಟ್ಟಿ ಇರುವುದು 14ರಿಂದ 16ರವರೆಗೆ. ಮಿದುಳು ಎನ್ನಬಹುದಾದ ನರದ ಗಂಟು ಮೂರನೆಯ ಉಂಗುರದ ಆಸುಪಾಸಿನಲ್ಲಿದೆ. ಆಹಾರ ಅರೆಯುವ ಚೀಲ, ನಾಲ್ಕು ಜೊತೆ ಹೃದಯಗಳು, ಸಂತಾನದ ಅಂಗಗಳು ಬಹುಪಾಲು ಮುಂದಿನ ಇಪ್ಪತ್ತು ಉಂಗುರದೊಳಗೇ ಮುಗಿಯುತ್ತವೆ. ಅಲ್ಲಿಂದ ಹಿಂದಕ್ಕೆ ಹೆಚ್ಚುಕಡಿಮೆ ಅದೇ ಕರುಳು, ಅದೇ ನರದ ಎಳೆ, ಉಂಗುರದಿಂದ ಉಂಗುರಕ್ಕೆ ಮರುಕಳಿಸುತ್ತ ಹೋಗುತ್ತದೆ. ಹಿಂದಿನಿಂದ ನಲವತ್ತು ಉಂಗುರ ಹೋದರೆ ಹುಳು ತಾಳಿಕೊಳ್ಳುತ್ತದೆ. ಮುಂದಿನ ಇಪ್ಪತ್ತು ಹೋದರೆ ಬಹುತೇಕ ಎಲ್ಲವೂ ಹೋದ ಹಾಗೆ.

ಹಾಗಾದರೆ ಬಾಲದ ತುಂಡು ಒದ್ದಾಡಿದ್ದೇಕೆ? ಹಲ್ಲಿಯ ಬಾಲ ಕಳಚಿ ಬಿದ್ದು ಕುಣಿಯುವುದನ್ನು ನೋಡಿಯೇ ಇರುತ್ತೀರಿ. ಇದೂ ಅದೇ ಬಗೆಯದು. ಪ್ರತಿ ಉಂಗುರಕ್ಕೂ ತನ್ನದೇ ನರದ ಗಂಟು ಇರುವುದರಿಂದ ಸ್ನಾಯು ಕುಗ್ಗಿ ಹಿಗ್ಗಲು ಮಿದುಳಿನ ಅಪ್ಪಣೆ ಬೇಕಿಲ್ಲ. ಮೇಲಾಗಿ ಎರೆಹುಳು ಉಸಿರಾಡುವುದೇ ಚರ್ಮದಿಂದ. ಮೈ ಒದ್ದೆಯಾಗಿರುವವರೆಗೆ ಆ ತುಂಡಿಗೆ ಉಸಿರಿನ ಕೊರತೆಯಿಲ್ಲ. ಕೊರತೆ ಇರುವುದು ಬಾಯಿಯದು.

ಇಲ್ಲೊಂದು ಕರುಣಾಜನಕ ಸಂಗತಿಯಿದೆ. ಬಾಲದ ತುಂಡು ಕೆಲವೊಮ್ಮೆ ಸಾಯದೆ ಉಳಿದು, ಕತ್ತರಿಸಿದ ಜಾಗದಲ್ಲಿ ತಲೆಯ ಬದಲು ಇನ್ನೊಂದು ಬಾಲವನ್ನೇ ಬೆಳೆಸಿಕೊಳ್ಳುತ್ತದೆ. ಇಟಲಿಯ ಸ್ಪಲ್ಲಂಜಾನಿ ಹದಿನೆಂಟನೆಯ ಶತಮಾನದಲ್ಲೇ ಇದನ್ನು ಕಂಡಿದ್ದರು. ಮುಂದೆ ನೊಣಗಳ ತಳಿಶಾಸ್ತ್ರದಿಂದ ಹೆಸರಾದ ಥಾಮಸ್ ಹಂಟ್ ಮಾರ್ಗನ್ 1899ರಲ್ಲಿ ಅದು ನಿಜವೆಂದು ಖಚಿತಪಡಿಸಿದರು. ಎರಡೂ ಕಡೆ ಬಾಲ, ತಿನ್ನಲು ಬಾಯಿಯೇ ಇಲ್ಲ. ಅಂಥ ಹುಳು ಹಸಿವಿನಿಂದ ಸಾಯುತ್ತದೆ.

ನೆರೆಯವರ ಪರವಾಗಿ ವಾದಿಸುವುದಾದರೆ, ಎರೆಗೊಬ್ಬರದ ತೊಟ್ಟಿಯಲ್ಲಿರುವ ಕೆಂಪು ಹುಳು ಐಸೀನಿಯಾ ಫೆಟಿಡಾವನ್ನು ಸಾಕ್ಷಿಗೆ ಕರೆಯಬೇಕು. ರಂಗೂನಿನಲ್ಲಿ ಪಾಠ ಮಾಡುತ್ತಿದ್ದ ಗೇಟ್ಸ್ ಎಂಬ ವಿಜ್ಞಾನಿ ಎರೆಹುಳುಗಳನ್ನು ಉಂಗುರ ಎಣಿಸಿ ಎಣಿಸಿ ಕತ್ತರಿಸಿ ನೋಡಿದವರು. ಈ ಜಾತಿಯಲ್ಲಿ 23ನೆಯ ಉಂಗುರದವರೆಗೆ ಕತ್ತರಿಸಿದರೂ ಹಿಂದಿನ ತುಂಡು ತಲೆ ಬೆಳೆಸಬಲ್ಲದು, 20ನೆಯ ಉಂಗುರದ ನಂತರ ಎಲ್ಲಿ ಕತ್ತರಿಸಿದರೂ ಮುಂದಿನ ತುಂಡು ಬಾಲ ಬೆಳೆಸಬಲ್ಲದು ಎಂದು ಅವರು ಕಂಡುಕೊಂಡರು. ಅಂದರೆ ಈ ಮೂರು ಉಂಗುರಗಳ ಕಿರುಜಾಗದಲ್ಲಿ ಏಟು ಬಿದ್ದರೆ, ಲೆಕ್ಕದ ಪ್ರಕಾರ, ಒಂದು ಹುಳು ಎರಡಾಗಬಹುದು. ಗುದ್ದಲಿಗೆ ಉಂಗುರ ಎಣಿಸಲು ಬರುವುದಿಲ್ಲ.

ನಿಜಕ್ಕೂ ತುಂಡಾದಷ್ಟೂ ಹೆಚ್ಚುವ ಹುಳು ಬೇರೆಯೇ ಇದೆ: ಹಳ್ಳಕೊಳ್ಳಗಳ ಕಲ್ಲಿನಡಿ ಇರುವ ಪ್ಲನೇರಿಯಾ, ಉಂಗುರಗಳಿಲ್ಲದ ಚಪ್ಪಟೆ ಹುಳು. ಅದೇ ಮಾರ್ಗನ್ 1898ರಲ್ಲಿ, ಇಡೀ ಮೈಯ 279ರಲ್ಲಿ ಒಂದು ಪಾಲಿನಷ್ಟು ತುಣುಕಿನಿಂದಲೂ ಪೂರ್ತಿ ಹುಳು ಬೆಳೆದದ್ದನ್ನು ವರದಿ ಮಾಡಿದರು. ಅದರ ಮೈತುಂಬ ಹರಡಿರುವ ನಿಯೋಬ್ಲಾಸ್ಟ್ ಎಂಬ ಕಾಂಡಕೋಶಗಳು ಯಾವ ಅಂಗ ಬೇಕಾದರೂ ಆಗಬಲ್ಲವು. ವಿಕಿರಣ ಹಾಯಿಸಿ ಈ ಕೋಶಗಳನ್ನೆಲ್ಲ ಕೊಂದ ಹುಳುವಿಗೆ ಇನ್ನೊಂದು ಹುಳುವಿನ ಒಂದೇ ಒಂದು ಕೋಶ ಚುಚ್ಚಿದಾಗ ಅದು ಚೇತರಿಸಿಕೊಂಡದ್ದನ್ನು 2011ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು.

ಹುಳು ಎಂಬ ಒಂದೇ ಹೆಸರಿನಡಿ ನಾವು ತುಂಬಿರುವುದು ಪರಸ್ಪರ ದೂರದ ಜೀವಿಗಳನ್ನು. ಮಕ್ಕಳ ಹೊಟ್ಟೆಯ ಜಂತುಹುಳು ನೋಡಲು ಎರೆಹುಳುವಿನಂತೆಯೇ ಉದ್ದಕ್ಕಿದ್ದರೂ ಉಂಗುರಗಳಿಲ್ಲ. ತುಂಡಾದರೆ ಸತ್ತ ಹಾಗೆಯೇ. ಅದರ ದೂರದ ನೆಂಟ, ಒಂದು ಮಿಲಿಮೀಟರಿನ ಸಿ. ಎಲೆಗನ್ಸ್ ಮೈಯಲ್ಲಿ, ಸಂತಾನದ ಕೋಶಗಳನ್ನು ಬಿಟ್ಟರೆ, ಎಣಿಸಿಟ್ಟಂತೆ 959 ಕೋಶಗಳು. ಬೆಳೆದ ಮೇಲೆ ಅವು ಒಡೆದು ಹೆಚ್ಚುವುದಿಲ್ಲ. ಮಲೆನಾಡಿನ ಇಂಬಳ ಎರೆಹುಳುವಿನ ಹತ್ತಿರದ ಸಂಬಂಧಿ, ಆದರೂ ಕಳೆದುಕೊಂಡ ಉಂಗುರ ಅದಕ್ಕೆ ಮರಳಿ ಬರುವುದಿಲ್ಲ. ಲಾಡಿಹುಳುವಿನ ಪಟ್ಟಿ ತುಂಡುತುಂಡಾಗಿ ಹೊರಬಂದರೂ ಆ ತುಂಡು ಹೊಸ ಹುಳುವಾಗದು. ಅದು ಮೊಟ್ಟೆಯ ಚೀಲ. ತಲೆ ಮತ್ತು ಕುತ್ತಿಗೆ ಕರುಳಿನಲ್ಲೇ ಉಳಿದರೆ ಮಾತ್ರ ಪಟ್ಟಿ ಮತ್ತೆ ಬೆಳೆಯುತ್ತದೆ.

ಕೈತೋಟದವರಿಗೆ ಒಂದು ಕಿವಿಮಾತು. ಮಳೆಗಾಲದಲ್ಲಿ ಹೂಕುಂಡದ ಅಡಿಯಲ್ಲಿ, ಬೆನ್ನಿನ ಮೇಲೆ ಕಪ್ಪು ಗೆರೆಗಳಿರುವ, ತಲೆ ಅರ್ಧಚಂದ್ರದಂತೆ ಅಗಲವಾದ ಲೋಳೆ ಹುಳು ಕಂಡೀತು. ಇದು ಬೈಪಾಲಿಯಂ, ನೆಲದ ಮೇಲಿನ ಚಪ್ಪಟೆ ಹುಳು, ಎರೆಹುಳುಗಳನ್ನೇ ಹಿಡಿದು ತಿನ್ನುತ್ತದೆ. ಬಾಲದ ತುಣುಕು ಕಳಚಿ ಮರಿ ಮಾಡುವುದು ಅದರ ಅಭ್ಯಾಸ. ಕೊಲ್ಲಲೆಂದು ಗುದ್ದಲಿಯಿಂದ ಕತ್ತರಿಸಿದರೆ ಅದರ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ಬರಿಗೈಯಲ್ಲಿ ಮುಟ್ಟದೆ ಕಡ್ಡಿಯಿಂದ ಎತ್ತಿ ಉಪ್ಪಿಗೆ ಹಾಕಿ.

ಇನ್ನು ನಿಮ್ಮ ಎರೆಹುಳು. ಪಟ್ಟಿ ಇರುವ ತುಂಡನ್ನು ನೆರಳಿನ ಒದ್ದೆ ಮಣ್ಣಿನಡಿ ಬಿಡಿ. ಹುಳು ಹೆಚ್ಚಬೇಕೆಂದಿದ್ದರೆ ಆ ಪಟ್ಟಿಯೇ ದಾರಿ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿದ್ದರೂ ಎರಡು ಹುಳುಗಳು ತಲೆ ಬಾಲ ಅದಲುಬದಲಾಗಿ ಅಂಟಿಕೊಂಡು ಕೂಡುತ್ತವೆ. ಆಮೇಲೆ ಪಟ್ಟಿಯಿಂದ ಒಸರಿದ ಲೋಳೆ ಕೊಳವೆಯಾಗಿ ಗಟ್ಟಿಯಾಗುತ್ತ ತಲೆಯ ಕಡೆಯಿಂದ ಜಾರಿ ಹೊರಬರುತ್ತದೆ. ಅದೇ ಮೊಟ್ಟೆಗೂಡು. ಮುಂದಿನ ಸಲ ಗೊಬ್ಬರ ಕೆದಕುವಾಗ ಸಾಸಿವೆಗಿಂತ ಕೊಂಚ ದಪ್ಪ, ನಿಂಬೆಹಣ್ಣಿನ ಆಕಾರದ ಹಳದಿ ಕಾಳುಗಳು ಕಂಡರೆ ಅವನ್ನು ಯಾವುದೋ ಬೀಜವೆಂದು ಆರಿಸಿ ಎಸೆಯಬೇಡಿ.