ಕುದುರೆ ಸವಾರನ ವಿಮಾನಗಳು

ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನೌಕೆಯ ಪಕ್ಕ ಈಗ ಟುಪೊಲೆವ್ 142 ವಿಮಾನವೂ ಬಂದು ಕೂತಿದೆ. ಸಂಜೆ ಗಾಳಿಗೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಚುರುಮುರಿ ತಿನ್ನುತ್ತಾರೆ, ಹೋಗುತ್ತಾರೆ. ನಾನೂ ಹಾಗೇ ಹೋಗುತ್ತಿದ್ದೆನೇನೋ. ಆದರೆ ಆ ದಿನ ಜೊತೆಗೆ ಭಾವ ಇದ್ದರು. ನೌಕಾಪಡೆಯಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿಯೇ ತಲೆ ನರೆತವರು. ಅವರ ಜೊತೆ ವಿಮಾನ ನೋಡುವುದೆಂದರೆ ವೈದ್ಯರ ಜೊತೆ ಮದುವೆಮನೆಗೆ ಹೋದ ಹಾಗೆ. ಎದುರಾದವರಲ್ಲೆಲ್ಲ ಅವರಿಗೆ ಕಾಣುವುದು ಬೇರೆಯೇ.

"ಮಾವ, ಒಂದೊಂದು ಎಂಜಿನ್ನಿಗೆ ಎರಡೆರಡು ಫ್ಯಾನು ಎಂತಕ್ಕೆ?" ಅಂತ ಮಗಳು ಕೇಳಿದಳು.

"ಬೈತಖೋಲ ಬಂದರಿಗೆ ಹೋಗಿ ಟ್ರಾಲ್ ಬೋಟಿನ ಹಿಂದೆ ನೋಡು," ಅಂದರು ಭಾವ. "ನೀರು ಸೀದಾ ಹಿಂದೆ ಹೋಗ್ತದಾ? ಸುತ್ತಿ ಸುತ್ತಿ ಹೋಗ್ತದೆ. ಆ ಸುತ್ತಿದ್ದೆಲ್ಲ ದಂಡಕ್ಕೆ ಸುಟ್ಟ ಡೀಸೆಲ್ಲು."

ಇಲ್ಲಿ ನಡೆಯುವುದು ಅದೇ. ಮುಂದಿನ ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳುವಾಗ ಒಂದು ಸುತ್ತು ತಿರುಚಿಯೂ ಬಿಡುತ್ತದೆ. ಹಿಂದಿನದು ವಿರುದ್ಧ ದಿಕ್ಕಿಗೆ ತಿರುಗುತ್ತ ಆ ತಿರುಚನ್ನು ನೆಟ್ಟಗೆ ಮಾಡಿ, ವ್ಯರ್ಥ ಹೋಗಲಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ನೂಕುಬಲವಾಗಿ ವಾಪಸು ಪಡೆಯುತ್ತದೆ. ಒಂದು ಎಂಜಿನ್ನಿಗೆ ಸುಮಾರು 15 ಸಾವಿರ ಅಶ್ವಶಕ್ತಿ. ಅಂಥವು ನಾಲ್ಕು. ಇಂಥ ಎಂಟು ವಿಮಾನಗಳನ್ನು ನಮ್ಮ ನೌಕಾಪಡೆ 1988ರಿಂದ ಹಾರಿಸಿತು, ಮೊದಲು ಗೋವಾದ ದಾಬೋಲಿಮ್‌ನಿಂದ, ಆಮೇಲೆ ಅರಕ್ಕೋಣಂನಿಂದ. 2017ರಲ್ಲಿ ಅವಕ್ಕೆ ವಿಶ್ರಾಂತಿ ಕೊಟ್ಟಿತು.

"60 ಸಾವಿರ ಕುದುರೆ!" ಅಂದಳು ಮಗಳು. ಆಗ ನನಗೆ ನೆನಪಾದದ್ದು ಜರ್ಮನಿಯ ಕುರ್ಟ್ ಟಾಂಕ್. ನಿಜವಾದ ಕುದುರೆಯ ಬೆನ್ನೇರಿ ಯುದ್ಧ ಮಾಡಿ ಬಂದು, ಆಮೇಲೆ ವಿಮಾನದ ನಕ್ಷೆ ಬರೆಯಲು ಕೂತ ಮನುಷ್ಯ. ನಮ್ಮ ಬೆಂಗಳೂರಿನಲ್ಲೇ ಹತ್ತು ವರ್ಷ ಇದ್ದವರು.

ಟಾಂಕ್ ಹುಟ್ಟಿದ್ದು 1898ರಲ್ಲಿ. ಮೊದಲ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದಳ ಸೇರುವ ಆಸೆ. ಅಪ್ಪ ಬಿಡಲಿಲ್ಲ. ಮನೆಯ ಸಂಪ್ರದಾಯದಂತೆ ಅಶ್ವದಳಕ್ಕೇ ಕಳಿಸಿದರು. ಶೌರ್ಯಪದಕಗಳೊಂದಿಗೆ ಬದುಕಿ ಬಂದ ಮೇಲೆ ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿದರು, ವಿಮಾನ ಹಾರಿಸಲೂ ಕಲಿತರು. 1931ರಲ್ಲಿ ಫೋಕ್-ವುಲ್ಫ್ ಕಂಪನಿ ಸೇರಿದರು. ತಾನು ಬರೆದ ವಿಮಾನವನ್ನು ತಾನೇ ಹಾರಿಸಿ ನೋಡುವುದು ಅವರ ರೂಢಿ. ಅಡುಗೆಯವನು ತಾನೂ ಪಂಕ್ತಿಯಲ್ಲಿ ಕೂತು ಉಣ್ಣುವುದು ಅಪರೂಪ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಅವರ ಹೆಸರು ಉಳಿದದ್ದು ಎಫ್‌ಡಬ್ಲ್ಯೂ 190 ಯುದ್ಧವಿಮಾನದಿಂದ. ಅದು ಮೊದಲು ಹಾರಿದ್ದು 1939ರ ಜೂನ್ 1ರಂದು. ಆ ಕಾಲದ ಹೆಸರುವಾಸಿ ಯುದ್ಧವಿಮಾನಗಳನ್ನು ಟಾಂಕ್ ರೇಸಿನ ಕುದುರೆಗಳಿಗೆ ಹೋಲಿಸುತ್ತಿದ್ದರು. ಒಳ್ಳೆ ಮೈದಾನ, ಒಳ್ಳೆ ಮೇವು, ಪಳಗಿದ ಸವಾರ ಎಲ್ಲ ಇದ್ದರೆ ಅವು ಓಡುತ್ತವೆ. ರಣರಂಗದಲ್ಲಿ ಇವು ಯಾವುವೂ ಇರುವುದಿಲ್ಲ ಎಂಬುದು ತಾನೇ ತಡಿ ಹಾಕಿ ಕೂತಿದ್ದವನಿಗೆ ಗೊತ್ತಿತ್ತು. ಅವರಿಗೆ ಬೇಕಾದದ್ದು ಕೆಸರಲ್ಲೂ ನಡೆಯುವ, ಏಟು ಬಿದ್ದರೂ ಸವಾರನನ್ನು ಮನೆಗೆ ತರುವ ದಂಡಿನ ಕುದುರೆ.

ಇದು ಬರೀ ಮಾತಲ್ಲ, ವಿಮಾನದ ಮೈಯಲ್ಲೇ ಕಾಣುತ್ತದೆ. ಆಗಿನ ವೇಗದ ವಿಮಾನಗಳಲ್ಲಿ ಹೆಚ್ಚಿನವಕ್ಕೆ ನೀರಿನಿಂದ ತಂಪಾಗುವ ಎಂಜಿನ್. ಮೂತಿ ಚೂಪಾಗುತ್ತದೆ, ಗಾಳಿಯ ತಡೆ ಕಡಿಮೆ. ಆದರೆ ರೇಡಿಯೇಟರಿಗೆ ಒಂದು ಗುಂಡು ಬಿದ್ದರೆ ಸಾಕು, ನೀರೆಲ್ಲ ಸೋರಿ ಕೆಲವೇ ನಿಮಿಷದಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ಟಾಂಕ್ ಗಾಳಿಯಿಂದಲೇ ತಂಪಾಗುವ ದಪ್ಪ ಎಂಜಿನ್ ಆರಿಸಿಕೊಂಡರು. ಬೈಕಿನ ಎಂಜಿನ್ನಿಗೆ ಸುತ್ತ ಪದರ ಪದರವಾಗಿ ಲೋಹದ ರೆಕ್ಕೆ ಇರುತ್ತದಲ್ಲ, ಅದೇ ಜಾತಿ. 14 ಸಿಲಿಂಡರು, ಸೋರಲು ನೀರೇ ಇಲ್ಲ. ಚುಕ್ಕಾಣಿಗೆ ತಂತಿಯ ಬದಲು ಗಟ್ಟಿ ಸರಳು ಹಾಕಿದರು, ಯಾಕೆಂದರೆ ಸೈಕಲ್ ಬ್ರೇಕಿನ ತಂತಿಯ ಹಾಗೆ ಅದೂ ಎಳೆದೆಳೆದು ಸಡಿಲಾಗುತ್ತದೆ. ಚಕ್ರಗಳು ಒಂದರಿಂದೊಂದು ದೂರ, ಕಾಲು ಅಗಲಿಸಿ ನಿಂತ ಎತ್ತಿನ ಹಾಗೆ. ಅರ್ಧ ಕಲಿತ ಪೈಲಟ್ ಗದ್ದೆಯಂಥ ನೆಲದಲ್ಲಿ ಇಳಿಸಿದರೂ ಮಗುಚುವುದು ಕಷ್ಟ. ಎಲ್ಲವೂ ಮೊದಲ ಸಲಕ್ಕೇ ಸರಿಹೋಯಿತೆಂದಲ್ಲ. ಮೊದಲ ಮಾದರಿಯಲ್ಲಿ ಪೈಲಟ್ ಕೂರುವ ಗೂಡು 55 ಡಿಗ್ರಿಗೆ ಕಾಯುತ್ತಿತ್ತು. ನಮ್ಮ ಮೇ ತಿಂಗಳ ಸೆಖೆ ಅದರ ಮುಂದೆ ತಂಪು.

ಈ ಜಾಣತನ ದುಡಿದದ್ದು ಹಿಟ್ಲರನ ಸೇನೆಗೆ. ಆ ಕಾರ್ಖಾನೆಗಳಲ್ಲಿ ಬಲವಂತದಿಂದ ತಂದ ಕೂಲಿಗಳೂ ದುಡಿದರು. ಟಾಂಕ್ ಬಗ್ಗೆ ಬರೆಯುವಾಗ ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಯುದ್ಧ ಸೋತ ಮೇಲೆ ಬೇರೆ ಹೆಸರಿನಲ್ಲಿ ಅರ್ಜೆಂಟೀನಾಕ್ಕೆ ಹೋದರು, ಅಲ್ಲೊಂದು ಜೆಟ್ ಮಾಡಿದರು. 1955ರಲ್ಲಿ ಅಲ್ಲಿಯ ಸರ್ಕಾರವೇ ಉರುಳಿತು. ಮರುವರ್ಷ ಬೆಂಗಳೂರಿನ ಎಚ್‌ಎಎಲ್‌ಗೆ ಬಂದಿಳಿದರು. ಭಾರತಕ್ಕೆ ಬೇಕಿದ್ದದ್ದು ಶಬ್ದದ ಎರಡು ಪಟ್ಟು ವೇಗದ ಯುದ್ಧವಿಮಾನ. ಹೆಸರು ಎಚ್‌ಎಫ್ 24 ಮಾರುತ.

ಶಾಲೆಯ ಪ್ರವಾಸದಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿದವರು ಮಾರುತವನ್ನು ಕಂಡಿರುತ್ತೀರಿ. ಮುಂದಿನ ಸಲ ಹೋದಾಗ ಅದರ ಸೊಂಟ ನೋಡಿ. ರೆಕ್ಕೆ ಸೇರುವಲ್ಲಿ ಮೈ ತುಸು ಒಳಕ್ಕೆ ಹೋಗಿದೆ. ವಿಮಾನ ಶಬ್ದದ ವೇಗದ ಹತ್ತಿರ ಬಂದಾಗ ಮುಂದಿನ ಗಾಳಿಗೆ ದಾರಿ ಬಿಡಲು ಪುರಸೊತ್ತಿರುವುದಿಲ್ಲ. ಆಗ ಮೈಯೂ ರೆಕ್ಕೆಯೂ ಸೇರಿ ಒಟ್ಟು ಎಷ್ಟು ದಪ್ಪ ಎಂಬುದೇ ಲೆಕ್ಕ. ಆ ದಪ್ಪ ಒಮ್ಮೆಲೇ ಏರಿದರೆ ಗಾಳಿ ಗೋಡೆಯಾಗುತ್ತದೆ. ರೆಕ್ಕೆ ಕೂಡಿಸಿದಷ್ಟನ್ನು ಮೈಯಿಂದ ಕಳೆದರೆ ಏರಿಕೆ ನಯವಾಗುತ್ತದೆ.

ಎಂಜಿನ್ ಕೈಗೆ ಬರುವ ಮೊದಲೇ ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನಕ್ಕೆ ಹಗ್ಗ ಬಿಗಿದು ಮೇಲೆ ಎಳೆದೊಯ್ದು ಬಿಟ್ಟು ನೋಡಿದರು. 1959ರಿಂದ 86 ಹಾರಾಟ. ಎಂಜಿನ್ನೇ ಇಲ್ಲದೆ ವಿಮಾನದ ಗುಣಸ್ವಭಾವ ತಿಳಿದುಕೊಂಡ ಈ ರೀತಿ ನನಗೆ ಬಹಳ ಇಷ್ಟ. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಹಾರಿಸಿದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಬೈದುಕೊಳ್ಳುವ ನಮ್ಮೂರ ಹುಡುಗರಿಗೆ ಅವರು ಯಾರೆಂದು ಗೊತ್ತಿರಲಿಕ್ಕಿಲ್ಲ.

ಮೈ ಸಿದ್ಧವಾಯಿತು, ಉಸಿರು ಸಾಲಲಿಲ್ಲ. ಟಾಂಕ್ ನೆಚ್ಚಿಕೊಂಡಿದ್ದ ಬ್ರಿಟಿಷ್ ಎಂಜಿನ್ನಿಗೆ ಸುಮಾರು 3,700 ಕಿಲೋ ನೂಕುಬಲ ಬರಬೇಕಿತ್ತು. ಅದರ ಕೆಲಸ ನಡುವೆಯೇ ನಿಂತಿತು. ಮುಂದುವರಿಸಬೇಕಾದರೆ ಖರ್ಚು ಕೊಡಿ ಎಂದರು ಬ್ರಿಟಿಷರು, ದೆಹಲಿ ಒಪ್ಪಲಿಲ್ಲ. ಕೊನೆಗೆ ಪುಟ್ಟ ನ್ಯಾಟ್ ವಿಮಾನದ ಆರ್ಫಿಯಸ್ ಎಂಜಿನ್ನನ್ನೇ ಎರಡು ಜೋಡಿಸಿದರು. ಒಂದೊಂದಕ್ಕೆ 2,200 ಕಿಲೋ. ಎರಡು ಪಟ್ಟು ಹೋಗಲಿ, ಶಬ್ದದ ವೇಗದ ಬಾಗಿಲಲ್ಲೇ ಮಾರುತ ಏದುಸಿರು ಬಿಟ್ಟಿತು. ಎಂಜಿನ್ನಿನ ಬಾಲದಲ್ಲಿ ಮತ್ತೆ ಇಂಧನ ಸುರಿದು ಉರಿಸಿ ನೋಡುವ ಪ್ರಯತ್ನವೂ ನಡೆಯಿತು. ಅಂಥದೊಂದು ವಿಮಾನದಲ್ಲೇ 1970ರ ಜನವರಿಯಲ್ಲಿ ಸುರಂಜನ್ ದಾಸ್ ತೀರಿಕೊಂಡರು.

ಆದರೂ ಸವಾರನ ಗುಣ ಮಾರುತದಲ್ಲಿ ಉಳಿದಿತ್ತು. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ತಗ್ಗಿನಲ್ಲಿ ಹಾರಿದ ಮಾರುತಗಳು ಒಂದು ಎಂಜಿನ್ ಏಟು ತಿಂದು ಸತ್ತರೂ ಇನ್ನೊಂದರ ಬಲದಲ್ಲಿ ಪೈಲಟನ್ನು ಮನೆಗೆ ತಂದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ.

ಇಷ್ಟನ್ನೂ ಆ ಸಂಜೆ ಮಗಳಿಗೆ ಹೇಳಿ, ಕೊನೆಗೆ ಇನ್ನೊಂದು ಸಂಗತಿ ಹೇಳಿದೆ. ಟುಪೊಲೆವ್‌ನ ಈ ಎಂಜಿನ್ನನ್ನು ರಷ್ಯಾದ ಎಂಜಿನ್ ವಿನ್ಯಾಸಕ ಕುಜ್ನೆತ್ಸೊವ್ ಕೈಕೆಳಗೆ ರೂಪಿಸಿದ ತಂಡದ ಮುಂದಾಳು ಫೆರ್ಡಿನಾಂಡ್ ಬ್ರಾಂಡ್ನರ್, ಯುದ್ಧದ ನಂತರ ರಷ್ಯನ್ನರು ಹಿಡಿದೊಯ್ದ ಆಸ್ಟ್ರಿಯಾದ ಎಂಜಿನಿಯರ್. ಬಿಡುಗಡೆಯಾದ ಮೇಲೆ ಈಜಿಪ್ಟಿಗೆ ಹೋಗಿ ಇ-300 ಎಂಬ ಜೆಟ್ ಎಂಜಿನ್ ಮಾಡಿದರು. ಮಾರುತಕ್ಕೆ ಅದಾದರೂ ಹೊಂದೀತೆಂದು ನಮ್ಮವರು ಒಂದು ಮಾರುತವನ್ನು ಅಲ್ಲಿಗೆ ಒಯ್ದು, 1967ರಲ್ಲಿ ಹಾರಿಸಿಯೂ ನೋಡಿದರು. ಅದೇ ವರ್ಷ ಟಾಂಕ್ ಎಚ್‌ಎಎಲ್ ಬಿಟ್ಟರು. 1969ರಲ್ಲಿ ಈಜಿಪ್ಟ್ ಇಡೀ ಯೋಜನೆಯನ್ನೇ ಕೈಬಿಟ್ಟಿತು.

ಮಗಳು ಫ್ಯಾನಿನ ಕಡೆ ನೋಡಿದಳು. "ಅದೇ ಮನುಷ್ಯ ಮಾಡಿದ್ದಲ್ವಾ ಮಾವ? ಇದನ್ನೇ ಮಾರುತಕ್ಕೆ ಹಾಕಬಹುದಿತ್ತಲ್ಲ!"

ಭಾವ ನಕ್ಕರು. "ಈ ಫ್ಯಾನಿಗೇ ಐದೂವರೆ ಮೀಟರ್ ಜಾಗ ಬೇಕು ಮಾರಾಯ್ತಿ. ಮಾರುತದ ಒಂದು ರೆಕ್ಕೆ ತುದಿಯಿಂದ ಇನ್ನೊಂದು ತುದಿಗೆ ಒಟ್ಟು ಒಂಬತ್ತೇ ಮೀಟರ್."