ವ್ಯಾಟ್ ಜಾಸ್ತಿ ಆದರೂ ಬೇಸ್ ಯಾಕೆ ಸಾಲಲ್ಲ?

ಗಣಪತಿ ಬಿಟ್ಟ ಮರುವಾರ ದಾವಣಗೆರೆಯ ಸ್ಪೀಕರ್ ರಿಪೇರಿ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಳೇ ಪಿ.ಬಿ. ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಮೇಸ್ತ್ರಿ 18 ಇಂಚಿನ ಸ್ಪೀಕರ್ ಬಿಚ್ಚಿ, ಒಳಗಿನ ಕಾಯಿಲ್ ನನ್ನ ಕೈಗೆ ಕೊಟ್ಟರು. ತಂತಿ ಕಪ್ಪಾಗಿತ್ತು, ಸುತ್ತು ಸಡಿಲವಾಗಿ ಎದ್ದಿತ್ತು. ವಾರ್ನಿಷ್ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ.

"ದೊಡ್ಡ ಆಂಪ್ಲಿಫೈಯರ್ ಹಾಕಿದ್ರು ಸರ್. ಆದ್ರೂ ಬೇಸ್ ಸಾಲಲಿಲ್ಲ ಅಂತಾರೆ," ಎಂದರು.

ನಮ್ಮಲ್ಲಿ ಬೇಸ್, ಅಂದರೆ ಎದೆಗೆ ತಾಗುವ ದಪ್ಪ ಶಬ್ದ ಬೇಕು ಅಂದರೆ, ಎಷ್ಟು ವ್ಯಾಟ್, ಎಷ್ಟು ಇಂಚು ಅಂತಲೇ ಕೇಳುತ್ತೇವೆ. ಆದರೆ ನಿಜವಾಗಿ ಬೇಕಿರುವುದು ಗಾಳಿ. ಕೋನ್, ಅಂದರೆ ಸ್ಪೀಕರಿನ ಮುಂದೆ ಅಲುಗುವ ಬಟ್ಟಲು, ಎಷ್ಟು ಗಾಳಿ ತಳ್ಳುತ್ತದೆ ಅನ್ನುವುದೇ ಲೆಕ್ಕ.

ಇವತ್ತಿನ ಸ್ಪೀಕರಿನ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. 1925ರಲ್ಲಿ ಅವರು ಪ್ರಕಟಿಸಿದ ವಿನ್ಯಾಸದಲ್ಲಿ ಮ್ಯಾಗ್ನೆಟ್ಟಿನ ಸಂದಿಯಲ್ಲಿ ಕಾಯಿಲ್, ಅದಕ್ಕೆ ಅಂಟಿದ ಕೋನ್ ಇತ್ತು. ಆ ಮೂಲ ಇನ್ನೂ ಬದಲಾಗಿಲ್ಲ.

ಕೋನ್ ಸೆಕೆಂಡಿಗೆ ಎಷ್ಟು ಸಲ ಹೋಗಿ ಬರುತ್ತದೆ ಅನ್ನುವುದೇ ಹರ್ಟ್ಸ್; ಅದು ಇಳಿದಷ್ಟೂ ಬೇಸ್ ಆಳ. 80 ಹರ್ಟ್ಸ್ ಬಿಟ್ಟು 40ಕ್ಕೆ ಇಳಿದರೆ, ಶಬ್ದದ ಒತ್ತಡ ಅಷ್ಟೇ ಇರಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಹೋಗಿ ಬರಬೇಕು. 20ಕ್ಕೆ ಇಳಿದರೆ ಹದಿನಾರು ಪಟ್ಟು! ಬೀಸಣಿಗೆ ಬೀಸುವುದಕ್ಕೂ ಮೊರ ಬೀಸುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ವಾ? ಕೋನಿನ ಅಗಲವೂ ಬೇಕು, ಅದು ಓಡಾಡುವ ದೂರವೂ ಬೇಕು. 8 ಮಿಲಿಮೀಟರ್ ಓಡುವ 18 ಇಂಚಿನ ಕೋನಿಗಿಂತ 12 ಮಿಲಿಮೀಟರ್ ಓಡುವ 15 ಇಂಚಿನದು ಸ್ವಲ್ಪ ಜಾಸ್ತಿಯೇ ಗಾಳಿ ತಳ್ಳುತ್ತದೆ. ಕಾಯಿಲ್ ಸಂದಿಯಿಂದ ಆಚೆ ಹೋದರೆ ಮ್ಯಾಗ್ನೆಟ್ಟಿನ ಹಿಡಿತ ತಪ್ಪುತ್ತದೆ, ಶಬ್ದ ಒಡೆಯುತ್ತದೆ. ಅದಕ್ಕೇ ಉದ್ದ ಕಾಯಿಲ್, ಕಾಯಿಲನ್ನು ನಡುವೆ ಹಿಡಿದಿಡುವ ಗಟ್ಟಿ ಸ್ಪೈಡರ್ ಮುಖ್ಯ.

ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ಮಾತ್ರ. ಹಾಕಿದ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಕಾಯಿಲ್ 200 ಡಿಗ್ರಿ ಹೆಚ್ಚು ಬಿಸಿಯಾದರೆ ತಾಮ್ರದ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಸುಮಾರು 80 ಶೇಕಡಾ ಏರುತ್ತದೆ. ಆಗ ಅದೇ ಆಂಪ್ಲಿಫೈಯರ್‌ನಿಂದ ಸ್ಪೀಕರ್ ಎಳೆಯುವ ವಿದ್ಯುತ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮೆರವಣಿಗೆ ಶುರುವಾದಾಗ ಎದೆಗೆ ಗುದ್ದಿದ ಬೇಸ್ ಎರಡು ತಾಸಿನ ಮೇಲೆ ಸಪ್ಪೆಯಾಗಲು ಇದೂ ಒಂದು ಕಾರಣ. ಇನ್ನಷ್ಟು ತಿರುಗಿಸುತ್ತಾರೆ, ಕಾಯಿಲ್ ಸುಡುತ್ತದೆ.

ಇನ್ನು ಡಬ್ಬ. ನನ್ನ ಪ್ರಕಾರ ಅರ್ಧ ಬೇಸ್ ಇರುವುದೇ ಅಲ್ಲಿ. ಕೋನಿನ ಮುಂದಿನ ಗಾಳಿ ಮತ್ತು ಹಿಂದಿನ ಗಾಳಿ ಸೇರಿದರೆ ಒಂದನ್ನೊಂದು ಅಳಿಸುತ್ತವೆ. 1930ರ ದಶಕದಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಡಬ್ಬಕ್ಕೆ ಪೋರ್ಟ್, ಅಂದರೆ ಕೊಳವೆಯಂಥ ಬಾಯಿ, ಇಟ್ಟು, ಹಿಂದಿನ ಗಾಳಿಯನ್ನೂ ದುಡಿಸಿದರು. ಖಾಲಿ ಸೀಸೆಯ ಬಾಯಿಗೆ ಊದಿದರೆ ಬರುವ ಬೂಂ ಇದೆಯಲ್ಲ, ಅದೇ ತತ್ವ. 1954ರಲ್ಲಿ ಎಡ್ಗರ್ ವಿಲ್ಚರ್ ಪೂರ್ತಿ ಮುಚ್ಚಿದ ಸಣ್ಣ ಡಬ್ಬದಿಂದ ಆಳದ ಬೇಸ್ ತಂದರು, ಆದರೆ ಅದಕ್ಕೆ ಜಾಸ್ತಿ ವಿದ್ಯುತ್ ಬೇಕಾಯಿತು. ಆಗ ಅವರ ಜೊತೆಗಿದ್ದ ಹಾಫ್‌ಮನ್ ಹೆಸರಿನಲ್ಲೇ ಒಂದು ಮಾತಿದೆ: ಆಳದ ಬೇಸ್, ಜೋರು, ಸಣ್ಣ ಡಬ್ಬ, ಈ ಮೂರರಲ್ಲಿ ಎರಡೇ ಸಿಗುತ್ತವೆ.

ಅಲ್ಲಿಯವರೆಗೂ ಡಬ್ಬ ಕಟ್ಟುವುದು ಹೆಚ್ಚಾಗಿ ಕೈ ಅಂದಾಜು. ಲೆಕ್ಕ ಕೊಟ್ಟವರು ಇಬ್ಬರು. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಬರೆದ ಪ್ರಬಂಧ ಹತ್ತು ವರ್ಷ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 1971ರಲ್ಲಿ ಅದು ಅಮೆರಿಕದಲ್ಲಿ ಮರುಮುದ್ರಣವಾಯಿತು. ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಎಫ್‌ಎಸ್ (ಕೋನ್ ತಾನಾಗಿ ಅಲುಗುವ ಹರ್ಟ್ಸ್), ಕ್ಯೂಟಿಎಸ್ (ಆ ಅಲುಗಾಟಕ್ಕೆ ಎಷ್ಟು ಕಡಿವಾಣ ಇದೆ ಅನ್ನುವುದು), ವಿಎಎಸ್ (ಕೋನಿನ ಹಿಡಿತದಷ್ಟೇ ಬಿಗಿಯಿರುವ ಗಾಳಿಯ ಪ್ರಮಾಣ) ಎಂದು ಸ್ಪೀಕರಿನ ಕಾಗದದಲ್ಲಿ ಬರುವ ಅಂಕಿಗಳು ಇವರಿಬ್ಬರ ಕೊಡುಗೆ. ಯಾವ ಡ್ರೈವರ್‌ಗೆ (ಡಬ್ಬ ಬಿಟ್ಟ ಬರೀ ಸ್ಪೀಕರಿಗೆ) ಎಷ್ಟು ಲೀಟರಿನ ಡಬ್ಬ, ಪೋರ್ಟ್ ಎಷ್ಟು ಉದ್ದ ಎಂದು ಅವೇ ಹೇಳುತ್ತವೆ. ಆ ಕಾಗದವನ್ನು ಪೆಟ್ಟಿಗೆ ಜೊತೆ ಬಿಸಾಡಬೇಡಿ ಎಂದು ಕಂಡವರಿಗೆಲ್ಲ ಹೇಳುತ್ತೇನೆ.

ಅಂಗಡಿಯ ಮೂಲೆಯಲ್ಲಿ ಆ ಸ್ಪೀಕರಿನ ಡಬ್ಬವೂ ಇತ್ತು. ಬೇರೆ ಯಾರದ್ದೋ ಡಬ್ಬ ನೋಡಿ ಬಡಗಿ ಕಟ್ಟಿದ್ದು, ಡ್ರೈವರ್ ಬೇರೆ. ಮೇಸ್ತ್ರಿ ಟೇಪ್ ಹಿಡಿದು ಒಳಗಿನ ಅಳತೆ, ಪೋರ್ಟಿನ ಉದ್ದ ತೆಗೆದರು. ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. ಸೀಸೆಯ ಹಾಗೆ ಈ ಡಬ್ಬ ಬೂಂ ಅನ್ನುವುದು ಸುಮಾರು 45 ಹರ್ಟ್ಸ್‌ನಲ್ಲಿ ಎಂದು ಬಂತು. ಅದಕ್ಕಿಂತ ಕೆಳಗೆ ಡಬ್ಬದ ಗಾಳಿ ಕೋನನ್ನು ಹಿಡಿಯುವುದಿಲ್ಲ, ಅದು ಸುಮ್ನೆ ಲಟಪಟ ಹೊಡೆದುಕೊಳ್ಳುತ್ತದೆ. ಸ್ಪೀಕರಿನವರು ಅಲ್ಲಿಯೇ, 30 ಹರ್ಟ್ಸ್‌ನಲ್ಲಿ, 6 ಡೆಸಿಬೆಲ್ ಏರಿಸಿದ್ದರು. ಅಂದರೆ ನಾಲ್ಕು ಪಟ್ಟು ವಿದ್ಯುತ್.

ಮೇಸ್ತ್ರಿ ಹೊಸ ಕಾಯಿಲ್ ಕೂರಿಸಿ, ಬೆರಳಿನಿಂದ ಕೋನನ್ನು ಮೆಲ್ಲಗೆ ಒತ್ತಿ, ಎಲ್ಲೂ ಉಜ್ಜುತ್ತಿಲ್ಲ ಎಂದು ಕಿವಿಗೊಟ್ಟು ನೋಡಿದರು. ಆಮೇಲೆ ಡಬ್ಬದ ಹಿಂದೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದರು: "40ರ ಕೆಳಗೆ ಕಟ್."