ಬೆಕ್ಕನ್ನು ಜಗಲಿಗೆ ಕರೆಯಿರಿ, ಆಮೇಲೆ ಎಡಿಟಿಂಗ್ ಮಾತಾಡೋಣ

"ಕ್ಲಿಯರ್ ಮಾಡಿ ಕೊಡಿ" ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಬದಿಯಡ್ಕದ ನಮ್ಮ ಸ್ಟುಡಿಯೋಗೆ ಮದುವೆ, ಪಾಸ್‌ಪೋರ್ಟ್, ಶಾಲೆಯ ಗ್ರೂಪ್ ಫೋಟೋ ಕೆಲಸವೇ ಜಾಸ್ತಿ. ಈಚೆಗೆ ಅದರ ನಡುವೆ ಬೆಕ್ಕುಗಳೂ ಬರತೊಡಗಿವೆ. ಬೆಕ್ಕೇ ಬಂದರೆ ಒಳ್ಳೆಯದಿತ್ತು, ಬರುವುದು ಫೋನಿನಲ್ಲಿರುವ ಅದರ ಫೋಟೋ. ರಾತ್ರಿ ಟ್ಯೂಬ್‌ಲೈಟಿನಡಿ, ಸೋಫಾದ ಮೇಲೆ ಮಲಗಿದ್ದನ್ನು ನಿಂತಲ್ಲಿಂದಲೇ ತೆಗೆದದ್ದು. ಮುಖ ಇರಬೇಕಾದ ಜಾಗದಲ್ಲಿ ಒಂದು ಮಸುಕು. "ಅಣ್ಣಾ, ಇದನ್ನೊಂದು ಕ್ಲಿಯರ್ ಮಾಡಿ ದೊಡ್ಡ ಪ್ರಿಂಟ್ ಕೊಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ ಮಾರಾಯ್ರೇ.

ಹಾಗೆ ಹೇಳಿದ ಕೂಡಲೇ ಫೋನಿನ ವರ್ಣನೆ ಶುರುವಾಗುತ್ತದೆ. 108 ಮೆಗಾಪಿಕ್ಸೆಲ್. ಕೈ ನಡುಗಿದರೂ ತೊಂದರೆ ಇಲ್ಲ, ಸ್ಟೆಬಿಲೈಸೇಶನ್ ಉಂಟು. ನಾನು ಒಪ್ಪುತ್ತೇನೆ, ಫೋನ್ ಒಳ್ಳೆಯದೇ. ಆದರೆ ಸ್ಟೆಬಿಲೈಸೇಶನ್ ಹಿಡಿದು ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು. ಬೆಕ್ಕಿನ ತಲೆಯನ್ನಲ್ಲ. ಇದೊಂದು ಯಾಕೆ ತಲೆಗೆ ಹೋಗುವುದಿಲ್ಲವೋ ನನಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಕ್ಯಾಮೆರಾಕ್ಕೆ ಬೆಳಕು ಸಾಲದೆ ಹೋದರೆ ಅದು ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಫೋನು ಸಾಮಾನ್ಯವಾಗಿ ಸೆಕೆಂಡಿನ 1/30 ಭಾಗದ ಆಚೀಚೆ ಓಡಾಡುತ್ತದೆ. ಎಲ್ಲ ಫೋನಿಗೂ ಒಂದೇ ಲೆಕ್ಕ ಅಲ್ಲ, ಅಂದಾಜಿಗೆ ಹೇಳಿದ್ದು. ಅಷ್ಟರಲ್ಲಿ ಬೆಕ್ಕು ಕಿವಿ ತಿರುಗಿಸುತ್ತದೆ, ಮೀಸೆ ಅಲ್ಲಾಡಿಸುತ್ತದೆ, ಗೋಡೆಯ ಹಲ್ಲಿಯ ಕಡೆ ನೋಡುತ್ತದೆ. ತೆರೆದಿದ್ದಷ್ಟು ಹೊತ್ತು ಕಂಡದ್ದೆಲ್ಲ ಒಂದರ ಮೇಲೊಂದು ಬೀಳುತ್ತದೆ. ಕಾಲಿಗೆ ಸಿಕ್ಕಿ ಕಲಸಿಹೋದ ರಂಗೋಲಿಯಿಂದ ಕೆಂಪು ಪುಡಿ, ಹಳದಿ ಪುಡಿ ಬೇರೆ ಮಾಡಿ ಕೊಡಿ ಎಂದರೆ ಹೇಗೋ, ನೀವು ನನ್ನಲ್ಲಿ ಕೇಳುತ್ತಿರುವುದು ಅದನ್ನೇ. ನೈಟ್ ಮೋಡ್ ಹಾಕಿದರೆ ಇನ್ನೂ ಕಷ್ಟ. ಅದು ಹಲವು ಫ್ರೇಮ್ ತೆಗೆದು ಸೇರಿಸುವ ವ್ಯವಸ್ಥೆ. ದೇವಸ್ಥಾನದ ಗೋಪುರಕ್ಕೆ ಚೆಂದ, ಬೆಕ್ಕಿಗಲ್ಲ.

ಅದೇ ಬೆಕ್ಕನ್ನು ಬೆಳಗ್ಗೆ ಜಗಲಿಗೆ ತಂದರೆ ಶಟರ್ ತಾನಾಗಿಯೇ 1/250ರ ಹತ್ತಿರ ಹೋಗುತ್ತದೆ. ತರುವುದು ಅಂದರೆ ಎತ್ತಿ ತಂದು ಕೂರಿಸುವುದಲ್ಲ. ಅದು ದಿನಾ ಹೋಗಿ ಕೂರುವ ಜಾಗ ಒಂದು ಇದ್ದೇ ಇರುತ್ತದಲ್ವಾ, ದಳಿಯ ಮೂಲೆಯೋ ಕಟ್ಟಿಗೆ ರಾಶಿಯ ಮೇಲೆಯೋ, ನೀವು ಅಲ್ಲಿಗೆ ಹೋಗಿ. ನೇರ ಬಿಸಿಲು ಬೇಡ. ಬಿಸಿಲಿಗೆ ಅದರ ಕಣ್ಣಿನ ಪಾಪೆ ಗೆರೆಯಷ್ಟು ಸಣ್ಣಗಾಗಿ ಮುಖ ಬಿಗಿದ ಹಾಗೆ ಕಾಣುತ್ತದೆ. ನೆರಳಿನಲ್ಲಿ ಕೂತು ಅಂಗಳದ ಕಡೆ ಮುಖ ಮಾಡಿದ್ದರೆ ಪಾಪೆ ಹದವಾಗಿ ಅರಳಿರುತ್ತದೆ, ಕಣ್ಣೊಳಗೆ ಆಕಾಶದ ಒಂದು ಬಿಳಿ ಚುಕ್ಕೆಯೂ ಬೀಳುತ್ತದೆ. ಆ ಚುಕ್ಕೆ ಇಲ್ಲದ ಕಣ್ಣು ಪ್ರಿಂಟಿನಲ್ಲಿ ಮಂಕು. ನಮ್ಮ ಕಡೆಯ ಮಳೆಗಾಲದ ಮೋಡದ ಬೆಳಕನ್ನು ಎಲ್ಲರೂ ಬೈಯುತ್ತಾರೆ, ನನಗೆ ಮಾತ್ರ ಅದು ಇಷ್ಟ. ಒಂದೇ ಎಚ್ಚರಿಕೆ, ಅಂಗಳಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರೆ ಅದರಡಿ ತೆಗೆಯಬೇಡಿ. ಬೆಕ್ಕು ನೀಲಿಯಾಗಿಯೇ ಬರುತ್ತದೆ.

ಫೋನನ್ನು ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಇಳಿಸಿ. ಮೊಣಕಾಲೂರಿ, ಇಲ್ಲ ಮಲಗಿಯೇಬಿಡಿ. ಮೂಗಿನ ಹತ್ತಿರ ಹಿಡಿದರೆ ಮೂಗು ಬಟಾಟೆಯಷ್ಟಾಗುತ್ತದೆ. ಎರಡು ಹೆಜ್ಜೆ ಹಿಂದೆ ನಿಂತು 2x ಜೂಮ್ ಇಟ್ಟುಕೊಳ್ಳಿ. ಪೋರ್ಟ್ರೇಟ್ ಮೋಡ್ ಹಿಂದಿನದ್ದನ್ನು ಮಸುಕು ಮಾಡುವಾಗ ಮೀಸೆಯ ತುದಿಯನ್ನೂ ಕಿವಿಯ ರೋಮವನ್ನೂ ಎಷ್ಟೋ ಸಲ ಅಳಿಸಿಬಿಡುತ್ತದೆ. ಮೀಸೆ ಎಣಿಸಿ ನೋಡಿ ಬೇಕಾದರೆ. ಪರದೆಯಲ್ಲಿ ಹತ್ತಿರದ ಕಣ್ಣಿನ ಮೇಲೆ ಬೆರಳಿಟ್ಟು ಫೋಕಸ್ ಕೊಡಿ. ಕ್ಯಾಮೆರಾ ಇರುವವರಿಗೆ ಈ ತಲೆಬಿಸಿ ಕಡಿಮೆ. ಸೋನಿಯವರು 2019ರಲ್ಲಿ ಪ್ರಾಣಿಗಳ ಕಣ್ಣನ್ನೇ ಹುಡುಕಿ ಹಿಡಿಯುವ ಫೋಕಸ್ ತಂದರು, ಈಗ ಬೇರೆ ಕಂಪನಿಗಳ ಕ್ಯಾಮೆರಾಗಳಲ್ಲೂ ಉಂಟು. ಬೆಕ್ಕು ನಿಮ್ಮ ಕಡೆ ನೋಡಲು ಕಾಗದ ಪರಪರ ಅನ್ನಿಸಿದರೆ ಸಾಕು. ಒಂದೆರಡು ಸಲ ಮಾತ್ರ, ಆಮೇಲೆ ಅದಕ್ಕೆ ನಿಮ್ಮ ಮೇಲೆ ಮರ್ಯಾದೆ ಇರುವುದಿಲ್ಲ.

ಫ್ಲ್ಯಾಶ್ ಬೇಡವೇ ಬೇಡ. ಬೆಕ್ಕಿನ ರೆಟಿನಾದ ಹಿಂದೆ ಟಪೀಟಮ್ ಎಂಬ ಹೊಳೆಯುವ ಪದರ ಇದೆ, ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣಲು ಅದೇ ಸಹಾಯ. ಫ್ಲ್ಯಾಶಿನ ಬೆಳಕು ಅದಕ್ಕೆ ಬಡಿದು ಹಸಿರೋ ಹಳದಿಯೋ ಬಲ್ಬಾಗಿ ವಾಪಸ್ ಬರುತ್ತದೆ. ಮನುಷ್ಯರ ಕೆಂಪು ಕಣ್ಣು ತೆಗೆಯುವ ಟೂಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಅದು ಹುಡುಕುವುದು ಕೆಂಪನ್ನು. ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸಾಕುಪ್ರಾಣಿಗೆಂದೇ ಬೇರೆ ಆಯ್ಕೆ ಉಂಟು. ಅದರಲ್ಲಿ ಹಸಿರು ಹೋಗುತ್ತದೆ, ಆದರೆ ಉಳಿಯುವುದು ಕರಿ ಗುಂಡು. ನಿಮ್ಮ ಬೆಕ್ಕಿನ ಕಣ್ಣಿನ ಬಣ್ಣ ಅಲ್ಲಿಗೆ ಬರುವುದಿಲ್ಲ.

ಕರಿ ಬೆಕ್ಕಿನವರ ದೂರು ಬೇರೆ. ಬೂದಿ ಬಣ್ಣ ಬರುತ್ತದೆ ಅಂತ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದು ಎಂದುಕೊಂಡು ಬೆಳಕು ಲೆಕ್ಕ ಹಾಕುತ್ತದೆ. ಅದಕ್ಕೇ ಕರಿ ಬೆಕ್ಕು ಬಿಳಚಿಕೊಳ್ಳುತ್ತದೆ, ಬಿಳಿ ಬೆಕ್ಕು ಮಾಸಿದ ಹಾಗೆ ಕಾಣುತ್ತದೆ. ಕಣ್ಣಿನ ಮೇಲೆ ಬೆರಳಿಟ್ಟಾಗ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದಲ್ಲ, ಕರಿ ಬೆಕ್ಕಿಗೆ ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ, ಬಿಳಿಗೆ ಸ್ವಲ್ಪ ಮೇಲೆ.

ಇಷ್ಟಾದ ಮೇಲೆ ಎಡಿಟಿಂಗಿಗೆ ಉಳಿಯುವುದು ಚಿಕ್ಕ ಕೆಲಸ. ಅಂಚು ಕತ್ತರಿಸುವುದು, ನೆರಳನ್ನು ತುಸು ಎತ್ತುವುದು, ಕಣ್ಣಿಗೆ ಮಾತ್ರ ಚೂರು ಬೆಳಕು. ಸ್ನ್ಯಾಪ್‌ಸೀಡ್ ಆ್ಯಪಿನಲ್ಲಿ ಸಣ್ಣ ವಿವರಗಳನ್ನು ಎದ್ದು ಕಾಣಿಸುವ ಸ್ಟ್ರಕ್ಚರ್ ಕೊನೆಯವರೆಗೆ ಎಳೆದು ರೋಮವನ್ನೆಲ್ಲ ತಂತಿ ಮಾಡಬೇಡಿ. ಹಳೆ ಮನೆಗಳ ಕೆಂಪು ಸಿಮೆಂಟಿನ ನೆಲದ ಮೇಲೆ ಬಿಳಿ ಬೆಕ್ಕು ಕೂತರೆ ಗದ್ದ, ಎದೆ, ಹೊಟ್ಟೆಯಡಿ ಎಲ್ಲ ಗುಲಾಬಿ ಬಣ್ಣ ಹಿಡಿಯುತ್ತದೆ. ಅದನ್ನು ತೆಗೆಯಲು ಇಡೀ ಫೋಟೋದ ವೈಟ್ ಬ್ಯಾಲೆನ್ಸ್, ಅಂದರೆ ಒಟ್ಟು ಬಣ್ಣದ ಹದ, ತಿರುಗಿಸಿದರೆ ಹಿಂದಿನ ಸುಣ್ಣದ ಗೋಡೆ ನೀಲಿಗೆ ಹೋಗುತ್ತದೆ. ಎದೆಯ ಭಾಗ ಮಾತ್ರ ಮಾಸ್ಕ್ ಮಾಡಿ, ಅಂದರೆ ಅದಷ್ಟನ್ನೇ ಬೇರೆಯಾಗಿ ಆರಿಸಿಕೊಂಡು, ಅಲ್ಲಿಯ ಬಣ್ಣ ಇಳಿಸಬೇಕು. ಪೂರ್ತಿ ಅಲ್ಲ. ನೆಲ ಕೆಂಪಿದ್ದರೆ ಎದೆಯಲ್ಲಿ ಒಂಚೂರು ಇರಲಿ, ಇಲ್ಲವಾದರೆ ಕತ್ತರಿಸಿ ಅಂಟಿಸಿದ ಹಾಗಾಗುತ್ತದೆ.

ಈಗ ಎಐ ಆ್ಯಪ್ ಇದೆಯಲ್ಲ ಎಂದು ಕೇಳುವವರು ಇದ್ದಾರೆ. ಇದೆ, ನಾನೂ ಬಳಸುತ್ತೇನೆ, ಕಡಿಮೆ ಬೆಳಕಿನ ಫೋಟೋದಲ್ಲಿ ಬರುವ ಮರಳಿನಂಥ ಚುಕ್ಕೆ, ಅಂದರೆ ಗ್ರೇನ್, ಸ್ವಲ್ಪ ತೆಗೆಯಲು ಒಳ್ಳೆಯದು. ಆದರೆ ತೀರಾ ಮಸುಕಾದ ಮುಖಕ್ಕೆ ಅದು ತನ್ನದೇ ಅಂದಾಜಿನಲ್ಲಿ ರೋಮ ಬರೆಯುತ್ತದೆ. ನೀರ್ಚಾಲಿನ ಕಡೆಯ ಒಂದು ಮನೆಯವರು ಸತ್ತುಹೋದ ತಮ್ಮ ಬೆಕ್ಕಿನ ಫೋಟೋವನ್ನು ಆ್ಯಪಿನಲ್ಲಿ ಹೊಳೆಯಿಸಿ ತಂದಿದ್ದರು. ದೊಡ್ಡವರಿಗೆಲ್ಲ ಖುಷಿ. ಜೊತೆಗೆ ಬಂದ ಚಿಕ್ಕ ಹುಡುಗಿ ಮಾತ್ರ ಕೌಂಟರಿಗೆ ಗದ್ದ ಊರಿ ನೋಡಿ, "ಇದು ನಮ್ಮ ಪುಚ್ಚೆ ಅಲ್ಲ" ಅಂದಳು. ಪುಚ್ಚೆ ಅಂದರೆ ನಮ್ಮ ಕಡೆ ಬೆಕ್ಕು. ಮೂಗಿನ ಎಡಕ್ಕಿದ್ದ ಕರಿ ಮಚ್ಚೆಯನ್ನು ಆ್ಯಪ್ ಒರೆಸಿಹಾಕಿತ್ತು. ಕೊನೆಗೆ ಅವರ ಹಳೆ ಫೋನು ತರಿಸಿ, ಮೂಲ ಫೋಟೋ ಹುಡುಕಿ, ಚಿಕ್ಕ ಅಳತೆಯಲ್ಲಿ ಪ್ರಿಂಟ್ ಹಾಕಿದೆವು. ಮಸುಕು ಮಸುಕೇ, ಆದರೆ ಮಚ್ಚೆ ಇತ್ತು. ಅವಳು ಅದನ್ನು ಚೀಲಕ್ಕೆ ಹಾಕಲೂ ಬಿಡಲಿಲ್ಲ.

ಮೂಲ ಫೋಟೋ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫ್ಯಾಮಿಲಿ ಗ್ರೂಪಿಗೆ ಹೋಗಿ ಬಂದ ವಾಟ್ಸ್ಆ್ಯಪ್ ಫೋಟೋ ಉದ್ದದ ಬದಿಯಲ್ಲಿ ಸಾಧಾರಣ 1600 ಪಿಕ್ಸೆಲಿಗೆ ಇಳಿದಿರುತ್ತದೆ. 12x18 ಇಂಚಿನ ಪ್ರಿಂಟಿಗೆ ಅದು ಇಂಚಿಗೆ 90 ಪಿಕ್ಸೆಲ್ ಕೂಡ ಆಗುವುದಿಲ್ಲ, ನಮಗೆ 200 ಆದರೂ ಬೇಕು, 300 ಆದರೆ ಚೆಂದ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಫೋನನ್ನೇ ತನ್ನಿ. ಮತ್ತೆ ಫ್ರೇಮ್ ಹಾಕಿಸುವಾಗ ಮ್ಯಾಟ್ ಪೇಪರ್ ಕೇಳಿ, ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು, ಇಡಿಸಿ. ನಾಲ್ಕು ಕಾಸು ಜಾಸ್ತಿ ಆಗುತ್ತದೆ. ಇಡಿಸದಿದ್ದರೆ ಜುಲೈ ತಿಂಗಳ ಥಂಡಿಗೆ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಅದನ್ನೂ ಕ್ಲಿಯರ್ ಮಾಡಿ ಕೊಡಿ ಎಂದು ತರುತ್ತಾರೆ.